ಪುಟ್ಟನಂಜಮ್ಮನ ಮನೆಯ ಗೂಟ

ನಮ್ಮೂರಿನಲ್ಲಿ ಮನೆ ಕಟ್ಟಿದವರು ಅದನ್ನು ಕಟ್ಟಿದ ಜಾಗದಲ್ಲೇ ಇಟ್ಟುಕೊಳ್ಳಬೇಕೆಂದು ಹಟ ಹಿಡಿಯುವುದಿಲ್ಲ. ಬಿಸಿಲು ಸಾಲದೆಂದರೆ ಒಂದು ಅರ್ಜಿ ಬರೆಯುತ್ತಾರೆ, ಪಕ್ಕದ ಮನೆಯ ಒಗ್ಗರಣೆ ಘಾಟು ಕಿಟಕಿಗೆ ನುಗ್ಗುತ್ತದೆಂದರೆ ಇನ್ನೊಂದು. ಅರ್ಜಿಗಳೆಲ್ಲ ಬರುವುದು ಪದರ ಕಚೇರಿಗೆ. ಅಲ್ಲಿ ಕಂಪ್ಯೂಟರಿನ ಮುಂದೆ ಹದಿನಾರು ವರ್ಷದಿಂದ ಕೂತು ಬೆನ್ನು ಬಗ್ಗಿಸಿಕೊಂಡವಳು ನಾನು, ನಾಗವೇಣಿ. ಪರದೆಯ ಮೇಲೆ ಊರಿಗೆ ಊರೇ ಹರಡಿಕೊಂಡಿರುತ್ತದೆ. ಒಂದೊಂದು ಮನೆಯೂ ಒಂದೊಂದು ಪದರ, ಒಂದೊಂದು ಪದರಕ್ಕೂ ಎರಡು ಲೆಕ್ಕ. ಸ್ಥಾನದ ಅಂಕಿ ಬದಲಿಸಿದರೆ ಮನೆ ಜರುಗುತ್ತದೆ, ತಿರುವಿನ ಅಂಕಿ ಬದಲಿಸಿದರೆ ಮನೆ ತಿರುಗುತ್ತದೆ. ನನ್ನ ಕೆಲಸ ಇಷ್ಟೇ. ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕೂತವರಿಗೆ ಗೊತ್ತು.

ತಿರುಗಿಸುವುದೆಂದರೆ ಗಿರಗಟ್ಲೆ ತಿರುಗಿಸಿದ ಹಾಗಲ್ಲ. ಹಾಗೆ ಮಾಡಿದರೆ ಒಲೆಯ ಮೇಲಿನ ಹಾಲು ಚೆಲ್ಲಿ, ಗೋಡೆ ಬಿರುಕು ಬಿಟ್ಟು, ಮನೆಯವರು ನನ್ನ ಏಳು ತಲೆಮಾರನ್ನು ನೆನೆಯುತ್ತಾರೆ. ಪದರದ ಪಕ್ಕದಲ್ಲಿ ಪುಟ್ಟದೊಂದು ಗಡಿಯಾರದ ಗುರುತಿದೆ, ಅದನ್ನು ಒತ್ತಿ ಅಂಕಿ ತುಂಬಿದರೆ ಮನೆ ದಿನಕ್ಕೊಂದು ಡಿಗ್ರಿಯಂತೆ ಸದ್ದಿಲ್ಲದೆ ತಿರುಗುತ್ತದೆ. ತಿರುಗುವ ಮನೆಯವರು ಮಂಚವನ್ನು ವಾರಕ್ಕೊಮ್ಮೆ ಸರಿಸಿಕೊಳ್ಳುತ್ತಾರೆ, ಹೊಸ್ತಿಲ ಬಳಿ ರಂಗೋಲಿಯನ್ನು ದಿನಾ ಒಂದಿಷ್ಟು ಪಕ್ಕಕ್ಕೆ ಇಡುತ್ತಾರೆ. ದಾರಿ ಕೇಳಿದವರಿಗೆ ನಮ್ಮಲ್ಲಿ ಯಾರೂ ಎಡ ಬಲ ಹೇಳುವುದಿಲ್ಲ, ಆ ಮನೆಯಲ್ಲಿ ಯಾರಿದ್ದಾರೆ, ಯಾರ ಗಲಾಟೆ ಕೇಳಿಸುತ್ತದೆ ಎಂದು ಹೇಳುತ್ತಾರೆ. ಗಡಿಯಾರ ಒಮ್ಮೆ ಓಡತೊಡಗಿದರೆ ನಡುವೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಉಳಿದ ಡಿಗ್ರಿಯನ್ನೆಲ್ಲ ಮನೆ ಒಂದೇ ಏಟಿಗೆ ಎಗರಿಬಿಡುತ್ತದೆ. ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಗುಂಡಿಯನ್ನಂತೂ ಕೀಬೋರ್ಡಿನಿಂದಲೇ ಕಿತ್ತು ಹಾಕಿದ್ದಾರೆ. ಯಾವನೋ ಪುಣ್ಯಾತ್ಮ ಅದನ್ನು ಒತ್ತಿ, ಆಗಿಹೋಗಿದ್ದ ಮದುವೆಯೊಂದು ಆಗದೇ ಹೋಗಿ, ಊಟ ಮಾಡಿ ಎದ್ದ ಬೀಗರಿಗೆ ಮತ್ತೆ ಹಸಿವಾಗಿತ್ತಂತೆ.

ಇನ್ನೊಂದು ಗುರುತಿದೆ, ಅದನ್ನು ಹೇಳುವಾಗ ಈಗಲೂ ನನ್ನ ದನಿ ತಗ್ಗುತ್ತದೆ. ಪ್ರತಿ ಪದರದ ತಲೆಯಲ್ಲಿ ಒಂದು ಸಣ್ಣ ಕಣ್ಣು. ಆ ಕಣ್ಣು ಮುಚ್ಚಿದರೆ ಆ ಮನೆ ಇಲ್ಲ. ಕೆಡವಿದ ಮಣ್ಣಾಗಲಿ, ಕಲ್ಲಾಗಲಿ ಏನೂ ಉಳಿಯುವುದಿಲ್ಲ, ಬರಿಯ ನೆಲ. ಕೆರೆಯ ನೀರು ಮುಟ್ಟಿದ ಮನೆಯ ಕಣ್ಣು ಮುಚ್ಚಬೇಕೆಂಬುದು ಕಚೇರಿಯ ಮೊದಲನೆಯ ನಿಯಮ. ಕೆರೆಯೂ ಒಂದು ಪದರವೇ, ಆದರೆ ಬೀಗ ಹಾಕಿದ ಪದರ. ಅದರ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮುಚ್ಚಿದ ಕಣ್ಣು ಮತ್ತೆ ತೆರೆದದ್ದನ್ನು ನಾನಂತೂ ನೋಡಿಲ್ಲ.

ಪುಟ್ಟನಂಜಮ್ಮ ಹಪ್ಪಳ ಮಾಡುವವಳು. ಊರಿನ ಅಂಚಿನ ಸಾಲಿನಲ್ಲಿ ಕೊನೆಯ ಮನೆ ಅವಳದು. ಮನೆಯ ಮುಂದೆ ಹಿಂದೆಂದೋ ರಾಗಿ ಬಡಿಯುತ್ತಿದ್ದ ದೊಡ್ಡ ಕಣ, ಕಣದಾಚೆ ಸುತ್ತಿಕೊಂಡು ಬಂದರೆ ಕೆರೆ. ಗಂಡ ಸತ್ತ ಮೇಲೆ ಇಬ್ಬರು ನಾದಿನಿಯರನ್ನು ಕೂಡಿಸಿಕೊಂಡು ಉದ್ದಿನ ಹಿಟ್ಟು ಕುಟ್ಟಿ, ಲಟ್ಟಿಸಿ, ಒಣಗಿಸಿ ಸಂಸಾರ ನಿಲ್ಲಿಸಿದ್ದಾಳೆ. ಬಾಯಿ ಜೋರು. ಮನಸ್ಸು ಜೋರಲ್ಲ. ಯುಗಾದಿಯ ಮಾರನೆಯ ದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಬಂದು ಕೂತಿದ್ದಳು. ಪಕ್ಕದ ಮನೆಯವರು ಮಹಡಿ ಎಬ್ಬಿಸಿದ ಮೇಲೆ ಅಂಗಳಕ್ಕೆ ಬಿಸಿಲು ಬೀಳುತ್ತಿಲ್ಲ, ಹಪ್ಪಳ ಮುಗ್ಗುತ್ತಿದೆ, ನಲವತ್ತು ಡಿಗ್ರಿ ತಿರುಗಿಸಿಕೊಡಿ ಎಂದು ಅರ್ಜಿ. ಹೊಸ ವರ್ಷದ ಹೊಸ ಪುಸ್ತಕ, ಅವಳದೇ ಒಂದನೇ ನಂಬರು. ಒಂದು ಕಟ್ಟು ಮೆಣಸಿನ ಹಪ್ಪಳವನ್ನೂ ಮೇಜಿನ ಮೇಲಿಟ್ಟಳು. ಬೇಡವೆಂದು ಹೇಳುವುದು ನನ್ನ ಬಾಯಿಗೆ ಬರಲಿಲ್ಲ.

ತಿರುವಿಗೆ ಎರಡು ಮನೆಗಳಿವೆ, ಅಂದರೆ ಅಂಕಿ ತುಂಬುವ ಚೌಕಗಳು. ಎರಡನೆಯದರಲ್ಲಿ ಡಿಗ್ರಿ. ಮೊದಲನೆಯದರಲ್ಲಿ ಎಷ್ಟು ಪೂರ್ತಿ ಸುತ್ತು ಎಂದು ಬರೆಯಬೇಕು. ಪೂರ್ತಿ ಸುತ್ತು ಯಾರಿಗೆ ಬೇಕು ಹೇಳಿ, ಅಲ್ಲಿ ಯಾವಾಗಲೂ ಸೊನ್ನೆಯೇ. ಆದರೆ ನಮ್ಮ ಹಳೆಯ ಕಾಗದದ ಫಾರಂನಲ್ಲಿ ಮೊದಲ ಚೌಕಕ್ಕೆ ಅರ್ಜಿಯ ನಂಬರು ಹಾಕುವ ರೂಢಿ. ಅವತ್ತು ಹಬ್ಬದ ಹೋಳಿಗೆಯ ಮಂಪರೋ, ಹಪ್ಪಳದ ಮೇಲಿನ ಆಸೆಯೋ, ಕೈ ತನ್ನ ಪಾಡಿಗೆ ತಾನು ಮೊದಲ ಚೌಕದಲ್ಲಿ ಒಂದು ಎಂದು ಒತ್ತಿತು. ಎರಡನೆಯದರಲ್ಲಿ ನಲವತ್ತು. ಗಡಿಯಾರ ಓಡತೊಡಗಿತು.

ಮೂರನೆಯ ದಿನ ನನ್ನ ಕಣ್ಣಿಗೆ ಆ ಒಂದು ಬಿತ್ತು. ನಲವತ್ತಲ್ಲ, ಮನೆ ನಾನೂರು ಡಿಗ್ರಿ ತಿರುಗಲಿತ್ತು. ಆಮೇಲೆ ಸಮಾಧಾನ ಮಾಡಿಕೊಂಡೆ, ತಿರುಗಲಿ ಬಿಡು, ನಿಂತಲ್ಲೇ ಒಂದು ಸುತ್ತು ಹಾಕಿ ಬರುತ್ತದೆ, ಹೇಳಿ ಯಾಕೆ ಬೈಸಿಕೊಳ್ಳಲಿ ಎಂದು. ಹದಿನೇಳನೆಯ ಅರ್ಜಿಯಾಗಿದ್ದರೆ ಹದಿನೇಳು ಸುತ್ತಾಗುತ್ತಿತ್ತಲ್ಲ, ಪುಣ್ಯ ಅಂದುಕೊಂಡೆ. ಆ ಪುಣ್ಯವೂ ನಾಲ್ಕು ದಿನ ಉಳಿಯಲಿಲ್ಲ. ಪುಟ್ಟನಂಜಮ್ಮನ ಮನೆ ನಿಂತಲ್ಲಿ ತಿರುಗುತ್ತಿರಲಿಲ್ಲ. ನಡೆಯುತ್ತಿತ್ತು. ಸಾಲನ್ನು ಬಿಟ್ಟು ಕೆರೆಯ ಕಡೆಗೆ ಹೊರಟಿತ್ತು.

ಪರದೆಯಲ್ಲಿ ನೋಡಿದರೆ ಸ್ಥಾನದ ಅಂಕಿ ಕದಲಿಲ್ಲ. ಮೊದಲ ದಿನ ಏನಿತ್ತೋ ಅದೇ. ಹೊರಗೆ ಹೋಗಿ ನೋಡಿದರೆ ಮನೆ ಎರಡು ಹೆಜ್ಜೆ ಮುಂದೆ. ನನಗೆ ತಲೆಬುಡ ತಿಳಿಯಲಿಲ್ಲ. ಅವಳ ತುಳಸಿಕಟ್ಟೆ ಬೇರೆ ಪದರ, ಅದು ಹಳೆಯ ಜಾಗದಲ್ಲೇ ಒಂಟಿಯಾಗಿ ನಿಂತಿತು. ಪುಟ್ಟನಂಜಮ್ಮ ಬೆಳಿಗ್ಗೆ ಎದ್ದು ದೀಪ ಹಚ್ಚುವುದಕ್ಕೆ ಅಲ್ಲಿಗೆ ನಡೆದು ಹೋಗಿ ಬರತೊಡಗಿದಳು, ದಿನಾ ಒಂದೊಂದು ಹೆಜ್ಜೆ ಜಾಸ್ತಿ. ನಾದಿನಿಯರು ಹಪ್ಪಳವನ್ನು ಕಣದಲ್ಲಿ ಚಾಪೆ ಹಾಸಿ ಒಣಗಿಸಿದರು. ಬಿಸಿಲೇನೋ ಧಾರಾಳವಾಗಿ ಸಿಕ್ಕಿತು. ನಲವತ್ತು ದಿನವಾಯಿತು, ಮನೆ ನಿಲ್ಲಲಿಲ್ಲ. ಊರಿನವರು ಅಡಿಪಾಯ ಸಡಿಲವಾಗಿ ಮನೆ ಜಾರುತ್ತಿದೆ ಎಂದು ಮಾತಾಡಿಕೊಂಡರು. ಆ ಮಾತು ಬಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಹಪ್ಪಳದ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ.

ನಮ್ಮ ಪದರಾಧಿಕಾರಿ ವೃಷಭೇಂದ್ರಯ್ಯನವರು ಕೆಟ್ಟವರಲ್ಲ, ಹೆದರುಪುಕ್ಕಲರು. ನಿವೃತ್ತಿಗೆ ಇನ್ನೊಂದು ವರ್ಷ, ಅಷ್ಟರಲ್ಲಿ ತಮ್ಮ ಕಾಲದಲ್ಲಿ ಒಂದು ಮನೆ ಕೆರೆಗೆ ಬಿತ್ತು ಅನ್ನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ನೀರು ಮುಟ್ಟುವ ತನಕ ಕಾಯುವುದೇಕೆ, ಬರುವ ಸೋಮವಾರವೇ ಸಾಮಾನೆಲ್ಲ ಹೊರಗಿಡಿಸಿ ಕಣ್ಣು ಮುಚ್ಚಿಬಿಡೋಣ ಎಂದು ಆದೇಶ ಬರೆದು ನನ್ನ ಮೇಜಿಗೆ ಕಳಿಸಿದರು. ಮುಚ್ಚಬೇಕಾದದ್ದು ನನ್ನ ಕೈ. ಸಹಿ ಹಾಕಲು ಪುಟ್ಟನಂಜಮ್ಮನನ್ನು ಕರೆಸಿದ್ದರು. ಅವಳು ಸಹಿ ಹಾಕಲಿಲ್ಲ, ಅಳಲೂ ಇಲ್ಲ. ಸಾಹೇಬರ ಕೋಣೆಯಿಂದ ಹೊರಗೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತಳು.

“ವೇಣಮ್ಮ, ನಾನೊಂದು ಮಾತು ಹೇಳ್ತೀನಿ, ನಗಬೇಡ” ಅಂದಳು. “ಮೊದ್ಲು ಮನೆ ದಿನಕ್ಕೊಂದು ಮೊಳ ನೀರಿನ್ ಕಡೆ ಹೋಗ್ತಿತ್ತು. ಆಮೇಲೆ ಒಂದು ಗೇಣಾಯ್ತು. ಈಗ ಒಂದು ವಾರದಿಂದ ನಾಲ್ಕೇ ಬೆರಳು. ಹಿತ್ತಲ ಬಾಗಿಲಿಂದ ದಿನಾ ಅಳೀತೀನಿ. ಕೆರೆ ನೋಡಿ ಮನೇನೇ ನಾಚ್ಕೊಂಡಂಗದೆ ಕಣಮ್ಮ. ಸಾಯೇಬ್ರಿಗೆ ಹೇಳಿದ್ರೆ ಅವ್ರು ಕಾಗದದಿಂದ ತಲೇನೇ ಎತ್ತಲಿಲ್ಲ.”

ಹಾಗಾದರೆ ನಡೆಯುವುದು ನಿಧಾನವಾಗಿದೆಯೇ ಎಂದು ಕೇಳಿದೆ. ಇಲ್ಲ, ನಡಿಗೆ ಅಷ್ಟೇ ಇದೆ, ಆದರೆ ನೀರಿನ ಕಡೆಗಲ್ಲ, ನೀರಿನ ಪಕ್ಕದಲ್ಲಿ ಹೋಗುತ್ತಿದೆ ಅಂದಳು. ತುಳಸಿಗೆ ದೀಪ ಹಚ್ಚಲು ಎಣಿಸುವ ಹೆಜ್ಜೆ ದಿನಾ ಏರುತ್ತಲೇ ಇದೆಯಂತೆ.

ಅವಳು ಹೋದ ಮೇಲೆ ನನಗೆ ಕೂರಲಾಗಲಿಲ್ಲ. ತಿರುಗುವ ಯಾವ ವಸ್ತುವಾದರೂ ಒಂದು ಗೂಟದ ಸುತ್ತ ತಿರುಗಬೇಕು. ಹಸುವನ್ನು ಕಟ್ಟಿದ ಗೂಟವಿರುತ್ತದಲ್ಲ, ಹಾಗೆ ಪ್ರತಿ ಪದರಕ್ಕೂ ಒಂದು ಗೂಟವಿದೆ, ಪರದೆಯ ಮೇಲೆ ಸೂಜಿಮೊನೆಯಷ್ಟು ಗುರುತು. ಸ್ಥಾನದ ಅಂಕಿ ಹೇಳುವುದು ಮನೆ ಎಲ್ಲಿದೆ ಎಂದಲ್ಲ, ಮನೆಯ ಗೂಟ ಎಲ್ಲಿದೆ ಎಂದು. ಗೂಟ ಯಾವಾಗಲೂ ಮನೆಯ ನಡುವೆಯೇ ಇರುತ್ತದೆಂಬ ನಂಬಿಕೆಯಲ್ಲಿ ನಾವ್ಯಾರೂ ಅದನ್ನು ಹುಡುಕಿ ನೋಡುವುದಿಲ್ಲ. ನಾನು ಅಷ್ಟು ದಿನವೂ ಪುಟ್ಟನಂಜಮ್ಮನ ಮನೆಯನ್ನೇ ದೊಡ್ಡದು ಮಾಡಿಕೊಂಡು ನೋಡುತ್ತಿದ್ದೆ. ಈಗ ಪರದೆಯನ್ನು ಚಿಕ್ಕದು ಮಾಡಿದೆ. ಮನೆಯ ಮೇಲೆ ಗೂಟವಿರಲಿಲ್ಲ. ಅದು ಕಣದ ನಡುವೆ, ಹಿಂದೆ ಎತ್ತು ಕಟ್ಟಿ ಸುತ್ತಿಸುತ್ತಿದ್ದ ಹಳೆಯ ಮೇಟಿಕಂಬ ಇರುವ ಕಡೆ ಬಿದ್ದಿತ್ತು.

ನೇರವಾಗಿ ಪಟ್ಟಾಭಿರಾಮಯ್ಯನವರ ಮನೆಗೆ ಹೋದೆ. ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವರು ಅವರು. ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಗೂಟದ ವಿಷಯ ಕೇಳಿದ ಕೂಡಲೇ ಹಣೆ ಚಚ್ಚಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಆ ಸಾಲಿನ ಮನೆಗಳನ್ನು ಒಂದೊಂದಾಗಿ ಮೇಟಿಯ ಸುತ್ತ ಒಂದಿಷ್ಟು ಬಾಗಿಸಿ ಕೂರಿಸಿದ್ದರಂತೆ. ಎಲ್ಲ ಮನೆಯ ಗೂಟವನ್ನೂ ವಾಪಸು ಅದರದರ ಜಾಗಕ್ಕೆ ಇಟ್ಟರು, ಕೊನೆಯ ಮನೆಗೆ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಊಟ ಮಾಡಿ ಬಂದವರು ಮರೆತರು. ಈಗ ಕಿತ್ತು ಸರಿಮಾಡಬಹುದೇ ಎಂದು ಕೇಳಿದೆ. ಗಡಿಯಾರ ಓಡುವಾಗ ಗೂಟ ಕಿತ್ತರೂ, ಸ್ಥಾನದ ಅಂಕಿ ಮುಟ್ಟಿದರೂ ಮನೆ ಕವಣೆಕಲ್ಲಿನ ಹಾಗೆ ಹಾರುತ್ತದೆ, ಆ ಹುಚ್ಚು ಕೆಲಸಕ್ಕೆ ಕೈ ಹಾಕಬೇಡ ಅಂದರು. ಅದು ಕಣ ಸುತ್ತುವ ಎತ್ತು, ಉಳಿದ ಮನೆಗಳೆಲ್ಲ ಅದರ ದಾರಿಯ ಆಚೆಗಿವೆ, ಸುತ್ತಿ ಬರುತ್ತದೆ ಬಿಡು ಎಂದು ಮತ್ತೆ ಕಡಲೆಕಾಯಿಗೆ ಕೈ ಹಾಕಿದರು.

ಸುತ್ತಿ ಬರುತ್ತದೆ ಸರಿ. ಆದರೆ ಸುತ್ತುವ ದಾರಿಯಲ್ಲಿ ನೀರು ಸಿಗುತ್ತದೋ ಇಲ್ಲವೋ? ಅದು ಗೊತ್ತಾಗಬೇಕಿತ್ತು, ಸೋಮವಾರದೊಳಗೆ.

ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪುಟ್ಟನಂಜಮ್ಮನ ಮನೆಗೆ ಹೋದೆ. ಬಟ್ಟೆ ಒಣಗಿಸುವ ಹಗ್ಗಗಳನ್ನೆಲ್ಲ ಬಿಚ್ಚಿ ಒಂದಕ್ಕೊಂದು ಗಂಟು ಹಾಕಿ ಕೊಡು ಎಂದೆ. ಯಾಕೆ ಏನು ಎಂದು ಕೇಳದೆ ಬಿಚ್ಚಿಕೊಟ್ಟಳು. ಹಗ್ಗದ ತುದಿಯನ್ನು ಮೇಟಿಕಂಬಕ್ಕೆ ಕುಣಿಕೆ ಹಾಕುತ್ತಾ ಅವಳಿಗೆ ಎಲ್ಲ ಹೇಳಿದೆ. ಮೊದಲ ಚೌಕದ ಒಂದು, ಮೂರನೆಯ ದಿನವೇ ನನಗೆ ಗೊತ್ತಾದದ್ದು, ಅರವತ್ತು ದಿನ ಬಾಯಿ ಮುಚ್ಚಿಕೊಂಡಿದ್ದದ್ದು. ಹೇಳುವಾಗ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ, ಗಂಟನ್ನೇ ನೋಡುತ್ತಾ ಹೇಳಿದೆ. ನಾದಿನಿಯರಿಬ್ಬರೂ ಲಟ್ಟಣಿಗೆ ಕೈಯಲ್ಲಿ ಹಿಡಿದೇ ಬಂದು ನಿಂತಿದ್ದರು. ಅದರಲ್ಲಿ ನಾಲ್ಕು ಬಿಟ್ಟಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಪುಟ್ಟನಂಜಮ್ಮ ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗೆ ಇಟ್ಟಳು.

“ಅರವತ್ತು ದಿನ ನೀನೂ ನಿದ್ದೆ ಮಾಡಿಲ್ಲ ಅನ್ನು. ಬೈಯೋದು ಆಮೇಲೆ ಬೈತೀನಿ. ಈಗ ಹಿಡಿ, ಎಳಿ.”

ಹಗ್ಗವನ್ನು ಮೇಟಿಯಿಂದ ಮನೆಯ ಹಿಂಗೋಡೆಯ ಮೂಲೆಗೆ ಬಿಗಿಯಾಗಿ ಎಳೆದು, ಅಲ್ಲಿಗೆ ಒಂದು ಕೆಂಪು ಚಿಂದಿ ಕಟ್ಟಿದೆವು. ಆಮೇಲೆ ಆ ಚಿಂದಿಯನ್ನು ಹಿಡಿದು, ಹಗ್ಗ ಸಡಿಲವಾಗದ ಹಾಗೆ, ಮನೆ ಮುಂದೆ ಹೋಗಲಿರುವ ದಾರಿಯಲ್ಲಿ ನಾನು ನಡೆದೆ. ಕಣ ಸುತ್ತುವ ಎತ್ತಿನ ಹಾಗೆಯೇ. ಕೆರೆ ಹತ್ತಿರವಾಯಿತು. ಪಾಚಿಯ ವಾಸನೆ ಬಂತು. ನೀರಿಗೆ ತೀರ ಹತ್ತಿರದ ಜಾಗಕ್ಕೆ ಬಂದು ನಿಂತು ಕೆಳಗೆ ನೋಡಿದರೆ ಚಿಂದಿಗೂ ನೀರಿಗೂ ನಡುವೆ ಒಂದು ಗೇಣು ಒಣನೆಲ. ಮುಂದಿನ ಹೆಜ್ಜೆಗೆ ಹಗ್ಗ ನನ್ನನ್ನು ಕಣದ ಕಡೆಗೆ ಎಳೆಯಿತು. ನಾನು ಅಲ್ಲೇ ಕುಕ್ಕರಿಸಿಬಿಟ್ಟೆ.

ಚಿಕ್ಕ ನಾದಿನಿ ಚಪ್ಪಾಳೆ ತಟ್ಟಿದಳು. ಪುಟ್ಟನಂಜಮ್ಮ ಮಾತ್ರ ಮನೆಯ ಕಡೆ ತಿರುಗಿ ನಿಂತಿದ್ದಳು.

“ವೇಣಮ್ಮ, ಬಚ್ಚಲು?” ಅಂದಳು.

ಮನೆಯ ಹಿಂದಿನ ತುದಿಯಲ್ಲಿ ಒಂದು ಬಚ್ಚಲುಮನೆ ಚಾಚಿಕೊಂಡಿತ್ತು. ಹೋದ ವರ್ಷ ಅವಳೇ ಇಟ್ಟಿಗೆ ತರಿಸಿ ಕಟ್ಟಿಸಿದ್ದು, ಕಚೇರಿಗೆ ಹೇಳಿರಲಿಲ್ಲ, ಹಾಗಾಗಿ ನನ್ನ ಪರದೆಯಲ್ಲಿ ಅದಿರಲಿಲ್ಲ. ಮನೆ ಮುಂದೆ ಮುಂದೆ, ಬಚ್ಚಲು ಅದರ ಬಾಲದ ಹಾಗೆ ಹಿಂದೆ. ಅದು ಕೆರೆಯ ಪಕ್ಕಕ್ಕೆ ಬರಲು ಇನ್ನೂ ಹತ್ತು ಹದಿನೈದು ದಿನ ಬೇಕು, ಆದರೆ ಬಂದೇ ಬರುತ್ತದೆ. ಹಗ್ಗವನ್ನು ಬಚ್ಚಲ ಮೂಲೆಯ ತನಕ ಉದ್ದ ಮಾಡಿ ಮತ್ತೆ ನಡೆದೆ. ಈ ಸಲ ಚಿಂದಿ ಮೂರಡಿ ನೀರೊಳಗೆ ಹೋಯಿತು. ನನ್ನ ಸೀರೆಯ ನೆರಿಗೆ ಮಂಡಿಯ ತನಕ ನೆನೆಯಿತು.

ಗೋಡೆಯಾಗಲಿ ಬಚ್ಚಲಾಗಲಿ, ನೀರು ಮುಟ್ಟಿದರೆ ಮುಟ್ಟಿದ ಹಾಗೆಯೇ. ಪುಟ್ಟನಂಜಮ್ಮ ಬಚ್ಚಲನ್ನೇ ನೋಡುತ್ತಿದ್ದಳು. ಅದಕ್ಕೆ ಬಿಳಿ ಟೈಲ್ಸ್ ಹಾಕಿಸಿದ್ದಳು, ತಾಮ್ರದ ಹಂಡೆ ಕೂರಿಸಿದ್ದಳು, ಸಾಲಿನಲ್ಲಿ ಯಾರ ಮನೆಯಲ್ಲೂ ಅಂಥದ್ದಿರಲಿಲ್ಲ. ಗಂಡ ಇದ್ದಾಗಿನಿಂದ ಒಂದು ಒಳ್ಳೆ ಬಚ್ಚಲು ಬೇಕೆಂದು ಕೇಳಿ ಕೇಳಿ, ಕೊನೆಗೆ ತನ್ನ ಕೈಯಾರೆ ದುಡಿದು ಕಟ್ಟಿಸಿಕೊಂಡದ್ದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಹಂಡೆ ಇಳಿಸ್ರೇ” ಅಂದಳು ನಾದಿನಿಯರಿಗೆ. “ಹಾರೆ ಎಲ್ಲಿ?”

ಮೊದಲ ಏಟು ಅವಳೇ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಾಲು ಅಲ್ಲಿ ಸೇರಿತ್ತು. ಮಹಡಿ ಎಬ್ಬಿಸಿ ಅವಳ ಬಿಸಿಲು ತಿಂದವರೇ ಮೊದಲು ಬುಟ್ಟಿ ತಂದರು, ಮನುಷ್ಯರ ಬಗ್ಗೆ ಏನು ಹೇಳುವುದು. ನಾನು ಇಟ್ಟಿಗೆ ಹೊತ್ತೆ. ಪ್ರತಿ ಬುಟ್ಟಿಗೂ ಒಂದೊಂದು ಬೈಗುಳ ಅವಳ ಬಾಯಿಂದ ಬರುತ್ತಿತ್ತು, ಮಾತು ಕೊಟ್ಟಿದ್ದಳಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಬಚ್ಚಲಿದ್ದ ಕಡೆ ಬರಿಯ ನೆಲ, ಹಿಂಗೋಡೆಯಲ್ಲಿ ಹಿತ್ತಲ ಬಾಗಿಲು, ಗೋಡೆಯ ದಪ್ಪದೊಳಗೇ ಕೂತ ಅದರ ಮೆಟ್ಟಿಲು, ಅಷ್ಟೇ ಉಳಿಯಿತು. ನನಗಂತೂ ಎರಡು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು. ಅವರ ಮನೆಯಲ್ಲೇ ಸಾರನ್ನ ಸುರಿದುಕೊಂಡು ಉಂಡೆ.

ಸೋಮವಾರ ವೃಷಭೇಂದ್ರಯ್ಯನವರನ್ನು ಕಣಕ್ಕೆ ಕರೆದುಕೊಂಡು ಬಂದು ಅವರ ಕೈಗೇ ಹಗ್ಗ ಕೊಟ್ಟೆ. ಸಾಹೇಬರು ಷೂ ಬಿಚ್ಚಿ, ಪ್ಯಾಂಟು ಮಡಚಿ, ಪೂರ್ತಿ ಸುತ್ತು ನಡೆದರು. ಆ ಮೊದಲ ಚೌಕದ ಕಥೆಯನ್ನೂ ಅವರಿಗೆ ಹೇಳಿದೆ. ಆರು ತಿಂಗಳು ಬಡ್ತಿಯಿಲ್ಲ ಎಂದು ಬರೆದರು, ಬರೆಯಲಿ. ಆದೇಶದ ಕಾಗದದ ಮೇಲೆ “ಸದ್ಯಕ್ಕೆ ತಡೆಹಿಡಿಯಲಾಗಿದೆ” ಎಂದು ಗೀಚಿದರು. ಆದರೆ ನೀರು ಮುಟ್ಟಿದ ಕ್ಷಣವೇ ಮುಚ್ಚಬೇಕು ಎಂದು ಎಚ್ಚರಿಸುವುದನ್ನು ಮರೆಯಲಿಲ್ಲ. ಹಗ್ಗದ ಲೆಕ್ಕ ಹಗ್ಗದ್ದು, ಮನೆಯ ಲೆಕ್ಕ ಮನೆಯದು ಅಂದರು. ಅದೂ ನಿಜವೇ. ಬಟ್ಟೆ ಒಣಗಿಸುವ ಹಗ್ಗ ಎಳೆದರೆ ಒಂದಿಷ್ಟು ಹಿಗ್ಗುತ್ತದೆ, ಒಂದು ಗೇಣು ಏನು ಮಹಾ.

ಮನೆ ನೀರಿಗೆ ಎಲ್ಲಕ್ಕಿಂತ ಹತ್ತಿರ ಬರುವ ದಿನ ಗುರುವಾರ. ಅವತ್ತು ರಜೆ ಹಾಕಿ ಬೆಳಗಾಗುತ್ತಲೇ ಹೋದೆ. ಸಾಹೇಬರು ಮಡಚುವ ಅಳತೆಪಟ್ಟಿ ಹಿಡಿದು ದಡದಲ್ಲಿ ಕೂತಿದ್ದರು. ಅಳೆದರು. ಒಂದು ಗಂಟೆ ಬಿಟ್ಟು ಮತ್ತೆ ಅಳೆದರು. ಮನೆ ನೀರಿನ ಪಕ್ಕದಲ್ಲಿ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಗೇಣು ಗೇಣಾಗಿಯೇ ಉಳಿಯಿತು. ಒಂದು ಕಿರುಬೆರಳು ಕಮ್ಮಿಯಾಯಿತೋ ಏನೋ, ಅಷ್ಟೇ. ಮಧ್ಯಾಹ್ನ ಸಾಹೇಬರು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು, ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ತಮಗೆ ತಾವೇ ಹೇಳಿಕೊಂಡು ಹೊರಟರು. ಹೋಗುವಾಗ ಒಂದು ಕಟ್ಟು ಹಪ್ಪಳವನ್ನು ಕೇಳಿ ತೆಗೆದುಕೊಂಡರು.

ಅಷ್ಟು ದಿನ ನಾವು ಹೆದರಿ ಸತ್ತ ನೀರು ಹಿತ್ತಲ ಬಾಗಿಲಿನ ಮೆಟ್ಟಿಲ ಬುಡದಲ್ಲಿ ಸುಮ್ಮನೆ ಮಲಗಿತ್ತು. ಪುಟ್ಟನಂಜಮ್ಮ ಮೆಟ್ಟಿಲ ಮೇಲೆ ಕೂತು, ಸೀರೆ ಮೇಲೆತ್ತಿ, ಎರಡೂ ಕಾಲನ್ನು ಕೆರೆಗೆ ಇಳಿಬಿಟ್ಟಳು. ಮನೆ ನೀರು ಮುಟ್ಟಬಾರದೆಂದು ನಿಯಮ, ಮನೆಯವರು ಮುಟ್ಟಬಾರದೆಂದು ಎಲ್ಲೂ ಬರೆದಿಲ್ಲ.

“ಬಾರೇ, ಕೂತ್ಕೋ” ಅಂದಳು. ಅಷ್ಟು ವರ್ಷ ವೇಣಮ್ಮ ಎಂದು ಕರೆಯುತ್ತಿದ್ದವಳು ಅವತ್ತು ಬಾರೇ ಅಂದಳು.

ಪಕ್ಕದಲ್ಲಿ ಕೂತು ನಾನೂ ಕಾಲು ಇಳಿಬಿಟ್ಟೆ. ತಣ್ಣಗಿತ್ತು. ಅಳು ಬಂತು, ತಡೆದುಕೊಳ್ಳಲಿಲ್ಲ, ಯಾಕೆ ತಡೆದುಕೊಳ್ಳಬೇಕು. ಅವಳು ಸಮಾಧಾನ ಮಾಡಲಿಲ್ಲ, ಬಚ್ಚಲಿಲ್ಲದಿದ್ದರೂ ಕೆರೆಯೇ ಮನೆಬಾಗಿಲಿಗೆ ಬಂತು, ಇನ್ನೆರಡು ದಿನ ಪುಕ್ಕಟೆ ಸ್ನಾನ ಎಂದು ನಾದಿನಿಯರನ್ನು ನಗಿಸುತ್ತಿದ್ದಳು. ಮಾರನೆಯ ದಿನವೂ ಕಚೇರಿ ಮುಗಿಸಿ ಹೋದೆ. ಅದರ ಮಾರನೆಯ ದಿನವೂ. ದಿನಾ ಸಂಜೆ ಒಂದು ಗಳಿಗೆ ಅದೇ ಮೆಟ್ಟಿಲ ಮೇಲೆ ಇಬ್ಬರೂ ಕೂರುವುದು ರೂಢಿಯಾಯಿತು. ಮೊದಮೊದಲು ನೀರು ಕಾಲ ಹರಡಿನ ತನಕ ಬರುತ್ತಿತ್ತು, ಆಮೇಲೆ ಪಾದ ಮಾತ್ರ ನೆನೆಯಿತು, ಆಮೇಲೆ ಬೆರಳ ತುದಿ.

ಹದಿನೈದನೆಯ ದಿನ ಸಂಜೆ ಮೆಟ್ಟಿಲ ತುದಿಗೆ ಜರುಗಿ ಕೂತು, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಆದಷ್ಟೂ ಕಾಲು ಚಾಚಿದೆವು. ಎಟುಕಲಿಲ್ಲ.